ಕೊನೆಯ ಸುತ್ತಿನ ಹುಡುಗ

ಉಮಾಶಂಕರ್ ಅವರ ಗ್ರಹಚಾರ ಕೆಟ್ಟದ್ದು ಪ್ರತಾಪ ಪೇಪರನ್ನು ಹಿಂದಿನಿಂದ ಓದುತ್ತಿದ್ದ ಎಂಬ ಕಾರಣಕ್ಕೆ.

ಅದು 1997ರ ಅಕ್ಟೋಬರಿನ ಒಂದು ಶುಕ್ರವಾರ. ಮೆಲ್ಬರ್ನ್ ಸಿಟಿಗೆ ಹೋಗುವ ಬೆಳಗಿನ ಟ್ರೇನಿನಲ್ಲಿ ಉಮಾಶಂಕರ್ ಕಿಟಕಿ ಪಕ್ಕ ಕೂತಿದ್ದರು. ಎದುರು ಸಾಲಿನಲ್ಲಿ ಅವರದೇ ಆಫೀಸಿನ ಪ್ರತಾಪ. ಪೇಪರಿನ ಕೊನೆಯ ಪುಟದಲ್ಲಿ ಮುಖ ಹುದುಗಿಸಿಕೊಂಡು ಪೆನ್ಸಿಲಿನಲ್ಲಿ ಗೆರೆ ಬೇರೆ ಎಳೆಯುತ್ತಿದ್ದ. ಕೊನೆಯ ಪುಟ ಎಂದರೆ ಈ ಊರಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿದು ಓಡುವ ಇಲ್ಲಿಯದೇ ಬಗೆಯ ಫುಟ್‌ಬಾಲು. ಹುಡುಗ ಬೆಂಗಳೂರಿನವನು, ಕ್ರಿಕೆಟ್ ಬಿಟ್ಟು ಇನ್ನೊಂದು ಆಟದ ಹೆಸರೆತ್ತಿದವನಲ್ಲ. ಮೇಲಾಗಿ ಆ ವರ್ಷದ ಪಂದ್ಯಗಳೆಲ್ಲ ಮುಗಿದು ತಿಂಗಳಾಗಿತ್ತು. ಆಟವೇ ಇಲ್ಲದ ಕಾಲದಲ್ಲಿ ಆಟದ ಪುಟ ಓದುವವನ ಹೊಟ್ಟೆಯೊಳಗೆ ಏನೋ ಇರಲೇಬೇಕು.

ಉಮಾಶಂಕರ್ ಕತ್ತು ಚಾಚಿ ನೋಡುತ್ತಿದ್ದಂತೆ ಪ್ರತಾಪ ತಲೆಯೆತ್ತಿದ. ಪೇಪರನ್ನು ಸರಕ್ಕನೆ ಮಡಚಿ ಬ್ಯಾಗಿಗೆ ತುರುಕಿದ.

"ಗುಡ್ ಮಾರ್ನಿಂಗ್ ಸರ್. ತಿಂಡಿ ಆಯ್ತಾ?"

"ಆಯ್ತು, ಆಯ್ತು," ಎಂದರು ಉಮಾಶಂಕರ್. ತಿಂಡಿಯ ವಿಚಾರ ಇವನಿಗೇಕೆ ಎಂಬುದು ಸಿಟಿ ಬರುವವರೆಗೂ ಅವರನ್ನು ಕೊರೆಯಿತು.

ಅವರು ಹುಟ್ಟಾ ಅನುಮಾನದ ಮನುಷ್ಯ, ಸುಳ್ಳು ಹೇಳಬಾರದು. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಅಂಗಡಿಯಲ್ಲಿ ಒಮ್ಮೆ, ಮನೆಗೆ ಬಂದು ಇನ್ನೊಮ್ಮೆ ನೋಡುವವರು. ಪಕ್ಕದ ಮನೆಯವರು ನಕ್ಕು ಮಾತಾಡಿಸಿದರೆ ಏಣಿ ಕೇಳುವುದಕ್ಕೇ ಬಂದಿದ್ದಾರೆ ಎಂದು ತಿಳಿಯುವವರು. ಆದರೆ ಈ ಶುಕ್ರವಾರ ಅನುಮಾನಕ್ಕೆ ಕಾರಣವೂ ಇತ್ತು. ಮಳೆನೀರಿನ ಕಾಲುವೆ, ಚರಂಡಿಗಳ ನಕ್ಷೆ ಮಾಡುವ ಅವರ ಕಂಪನಿ ಖರ್ಚು ಇಳಿಸುವುದಕ್ಕೆ ಹೊರಟಿತ್ತು. ಮೆಲ್ಬರ್ನಿನಲ್ಲಿ ಒಂದೇ ಒಂದು ಸೀನಿಯರ್ ಎಂಜಿನಿಯರ್ ಹುದ್ದೆ ಉಳಿಯುತ್ತದೆ. ಅದು ಉಮಾಶಂಕರರಿಗೆ ಸಿಕ್ಕರೆ ಪ್ರತಾಪ ಸಿಡ್ನಿಗೆ, ನಾರ್ವೆಸ್ಟಿನ ಹೊಸ ಬ್ರಾಂಚಿಗೆ. ಪ್ರತಾಪನಿಗೆ ಸಿಕ್ಕರೆ ಉಮಾಶಂಕರ್ ಸಿಡ್ನಿಗೆ. ಹೊರಗಿನ ಇಬ್ಬರನ್ನೂ ಸೇರಿಸಿ ನಾಲ್ವರ ಇಂಟರ್‌ವ್ಯೂ ಮುಗಿದಿತ್ತು. ಬಾಸ್ ಟ್ರೆವರ್ ಸಂಜೆ ತೀರ್ಮಾನ ಹೇಳುವವರಿದ್ದರು.

ಉಮಾಶಂಕರರಿಗೆ ಸಿಡ್ನಿ ಬೇಡವೇ ಬೇಡ. ಹೆಂಡತಿ ಪದ್ಮಿನಿ ಈ ದೇಶದ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಗಳು ಮಾಯಾಗೆ ಮುಂದಿನ ವರ್ಷ ಹನ್ನೆರಡನೇ ತರಗತಿ. "ಐ ಆಮ್ ನಾಟ್ ಮೂವಿಂಗ್," ಎಂದು ಅವಳು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ಸಿಡ್ನಿಗೆ ಹೋಗುವುದಾದರೆ ಉಮಾಶಂಕರ್ ಒಬ್ಬರೇ ಹೋಗಿ, ಒಂದು ರೂಮು ಹಿಡಿದು, ತಾವೇ ಅನ್ನ ಮಾಡಿಕೊಂಡಿರಬೇಕು. ಆ ವಯಸ್ಸಿನಲ್ಲಿ ಅದನ್ನು ನೆನೆಸಿಕೊಂಡರೇ ಅವರಿಗೆ ಅಳು ಬರುತ್ತಿತ್ತು.

ಆಫೀಸಿನ ಟೀ ರೂಮಿನಲ್ಲಿ ಟ್ರೆವರ್ ಆಗಲೇ ಕಪ್ಪು ಹಿಡಿದು ನಿಂತಿದ್ದರು. ಕೆಂಪು ಮುಖದ ಭಾರಿ ಆಸಾಮಿ, ಒಳ್ಳೆಯ ಮನುಷ್ಯ. ಒಂಬತ್ತು ವರ್ಷದಿಂದ ಉಮಾಶಂಕರರನ್ನು ಬಾಯ್ತುಂಬ 'ಉಮಾ' ಎಂದು ಕರೆಯುತ್ತಿದ್ದರು. ಅದು ಉಮಾಶಂಕರರ ಸೋದರತ್ತೆಯ ಹೆಸರು.

"ಉಮಾ, ಸರಿಯಾದ ಸಮಯಕ್ಕೆ ಬಂದೆ. ಮುಂದಿನ ವಾರ ಡ್ರಾಫ್ಟು. ನಾವು ಒಂದು ವಾದ ಮಾಡ್ತಾ ಇದೀವಿ. ಡ್ರಾಫ್ಟು ಶುರುವಾದ ಎಂಬತ್ತರ ದಶಕದಲ್ಲಿ ಕೊನೆಯ ಸುತ್ತಿನಲ್ಲಿ ಸಿಕ್ಕ ಹುಡುಗರು ಮೇಲೋ, ಈಗ ಸಿಗೋರು ಮೇಲೋ?"

ಪ್ರತಾಪ ಕಾದಿದ್ದವನಂತೆ ಬಾಯಿ ಹಾಕಿದ. "ಇದರಲ್ಲಿ ವಾದ ಏನಿದೆ ಟ್ರೆವರ್? ಈಗಿನವರೇ. ಈಗ ಹುಡುಗರನ್ನ ಓಡಿಸಿ, ಹಾರಿಸಿ, ಅಳತೆ ತೆಗೆದು ಆರಿಸ್ತಾರೆ. ಆಗ ಯಾರದೋ ಮಾತು ಕೇಳಿ ಹೆಸರು ಬರ್ಕೊತಿದ್ರು. ಆಗಿನ ಕೊನೇ ಸುತ್ತು ಅಂದ್ರೆ ಬರೀ ಜೊಳ್ಳು."

ಟ್ರೆವರರ ಮುಖ ಬಿಗಿಯಿತು. ಉಮಾಶಂಕರ್ ಅದನ್ನು ಗಮನಿಸಿದರು. ಇದು ಹರಟೆಯಲ್ಲ, ವೈವಾ ಎಂದು ಅವರಿಗೆ ತಟ್ಟನೆ ಹೊಳೆಯಿತು. ಮೈಸೂರಿನಲ್ಲಿ ಬಿ.ಇ.ಗೆ ಮೂರನೆಯ ರ್‍ಯಾಂಕು ಬಂದವರು ಅವರು, ಪರೀಕ್ಷೆಯ ವಾಸನೆ ಅವರಿಗೆ ದೂರದಿಂದಲೇ ಬಡಿಯುತ್ತದೆ. ಆದರೆ ಸಿಲಬಸ್ಸೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಬಿಸ್ಕತ್ತು ಅದ್ದುತ್ತಿದ್ದ ನಾರಾಯಣರ ಕಡೆ ವಾಲಿದರು. ತುಮಕೂರಿನ ನಾರಾಯಣ ಡ್ರಾಯಿಂಗ್ ಸೆಕ್ಷನ್ನಿನವರು. ಮೆಲ್ಬರ್ನಿನ ಅಷ್ಟೂ ಕನ್ನಡಿಗರ ಮನೆಯ ಒಳಸುದ್ದಿ ಅವರಲ್ಲಿ ಸಿಗುತ್ತಿತ್ತು.

"ಡ್ರಾಫ್ಟ್ ಅಂದ್ರೇನ್ರೀ?" ಎಂದರು ಉಮಾಶಂಕರ್ ಕನ್ನಡದಲ್ಲಿ, ತುಟಿ ಅಲ್ಲಾಡಿಸದೆ.

"ವರ್ಷಕ್ಕೊಂದ್ಸಲ ಕ್ಲಬ್ಬುಗಳೆಲ್ಲ ಕೂತ್ಕೊಂಡು ಹೊಸ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೋತಾರೆ. ಸುತ್ತಿನ ಮೇಲೆ ಸುತ್ತು. ಹೋದ ಸೀಸನ್ನಲ್ಲಿ ಕೊನೇಲಿ ಬಂದ ಕ್ಲಬ್ಬಿಗೆ ಮೊದಲ ಚಾನ್ಸು."

"ಫೇಲಾದವರಿಗೆ ಮೊದಲ ಚಾನ್ಸೇ?" ಉಮಾಶಂಕರರಿಗೆ ಮೈ ಉರಿಯಿತು. ಆದರೂ ವಿಷಯ ಅರ್ಥವಾಯಿತು. ಎಂಜಿನಿಯರಿಂಗ್ ಸೀಟು ಹಂಚಿದ ಹಾಗೆ. ಅಷ್ಟು ಸಾಕಾಗಿತ್ತು ಅವರಿಗೆ.

"ಟ್ರೆವರ್, ಕೊನೆ ಅಂದ್ರೆ ಯಾವ ಕಾಲದಲ್ಲಾದ್ರೂ ಕೊನೇನೇ," ಎಂದು ಗಂಟಲು ಸರಿಪಡಿಸಿಕೊಂಡು ಶುರುಮಾಡಿದರು. "ನಮ್ಮ ಕಾಲೇಜಲ್ಲಿ ಕಟ್ಟಕಡೇಲಿ ಸೀಟು ಸಿಕ್ಕವರನ್ನ ನಾನೇ ನೋಡಿದೀನಿ. ಹತ್ತು ಸಲ ಎಡವಿ, ಆಮೇಲೆ ಹೆಣ್ಣು ಕೊಟ್ಟ ಮಾವನ ಅಂಗಡೀಲಿ ಹೋಗಿ ಕೂತ್ಕೊಂಡ್ರು. ಅಂಥವರನ್ನ ಆರಿಸೋದೇ ದಂಡ."

ಟ್ರೆವರ್ ಅರ್ಧ ಕುಡಿದ ಕಪ್ಪನ್ನು ಸಿಂಕಿನಲ್ಲಿಟ್ಟು, ಫೋನ್ ಮಾಡಬೇಕು ಎಂದು ಹೊರಟುಹೋದರು.

ನಾರಾಯಣ ಉಮಾಶಂಕರರ ತೋಳು ಹಿಡಿದು ಜೆರಾಕ್ಸ್ ಮೆಷೀನಿನ ಹಿಂದಕ್ಕೆ ಎಳೆದುಕೊಂಡು ಹೋದರು.

"ಏನ್ರೀ ನೀವು, ಆ ಮನುಷ್ಯನ ಎದೆಗೇ ಒದ್ಬಿಟ್ರಲ್ಲ. ಅವರ ಮಗ ಡ್ಯಾರೆನ್‌ನ ಎಂಬತ್ತೆಂಟರ ಡ್ರಾಫ್ಟಲ್ಲಿ ಕೊನೇ ಸುತ್ತಲ್ಲಿ ಆರಿಸಿದ್ರು. ವರ್ಷಪೂರ್ತಿ ಪ್ರಾಕ್ಟೀಸ್ ಮಾಡಿಸಿ, ಒಂದೇ ಒಂದು ಮ್ಯಾಚ್ ಆಡಿಸ್ದೆ ಮನೆಗೆ ಕಳಿಸಿದ್ರು. ಈಗ ಬೆಂಡಿಗೋದಲ್ಲಿ ಟೈರ್ ಅಂಗಡೀಲಿ ಇದಾನೆ."

"ಯಾರ ಅಂಗಡಿ?" ಎಂದರು ಉಮಾಶಂಕರ್, ಕ್ಷೀಣವಾಗಿ.

"ಮಾವಂದು."

ಉಮಾಶಂಕರ್ ಜೆರಾಕ್ಸ್ ಮೆಷೀನಿಗೆ ಒರಗಿಕೊಂಡರು. ಅದು ತನ್ನಷ್ಟಕ್ಕೆ ಒಂದು ಖಾಲಿ ಹಾಳೆ ಹೊರಗೆ ಬಿಟ್ಟಿತು. "ಇದನ್ನ ಮೊದಲೇ ಹೇಳಬಾರದಾಗಿತ್ತೇನ್ರೀ?"

"ನೀವು ಡ್ರಾಫ್ಟ್ ಅಂದ್ರೇನು ಅಂತ ಕೇಳಿದ್ರಿ, ಹೇಳ್ದೆ. ಪ್ರತಾಪಂಗೆ ಹೋದ ವಾರಾನೇ ಎಲ್ಲಾ ಹೇಳಿದೀನಿ. ಅವನೇ ಕೂರಿಸ್ಕೊಂಡು ಕೇಳ್ದ, ಬಾಸ್‌ಗೆ ಯಾವ ವಿಷಯದಲ್ಲಿ ನೋವಾಗುತ್ತೆ ಅಂತ."

ಉಮಾಶಂಕರರ ತಲೆ ಗಿರ್ರೆಂದಿತು. ಎಲ್ಲಾ ಗೊತ್ತಿದ್ದೂ ಪ್ರತಾಪ ಬಾಸಿನ ಮಗನನ್ನು ಜೊಳ್ಳು ಎಂದನೇ? ಬುದ್ಧಿ ನೆಟ್ಟಗಿರುವವನು ಹಾಗೆ ಮಾಡುತ್ತಾನೆಯೇ? ಐದು ನಿಮಿಷ ಯೋಚಿಸಿದ ಮೇಲೆ ಕುತಂತ್ರ ಬಯಲಾಯಿತು. ತನ್ನನ್ನು ಬಾವಿಗೆ ಇಳಿಸುವುದಕ್ಕೆ ಅವನು ಮೊದಲೊಂದು ಮೆಟ್ಟಿಲು ಇಳಿದು ತೋರಿಸಿದ್ದಾನೆ. ತಾನು ದಡದಡ ಇಳಿದು ತಳ ಮುಟ್ಟಿದ್ದಾಯಿತು. ಇನ್ನು ಮಧ್ಯಾಹ್ನ ಅವನು ಮೆಲ್ಲಗೆ ಮೇಲೆ ಬಂದು, 'ಯೋಚನೆ ಮಾಡಿದೆ ಟ್ರೆವರ್, ನೀವು ಹೇಳಿದ್ದೇ ಸರಿ' ಎನ್ನುತ್ತಾನೆ. ಆಗ ಮುಗಿಯಿತು.

"ನಾರಾಯಣ್, ನಂಗೆ ಹಳೇ ಪೇಪರ್ಸ್ ಬೇಕು," ಎಂದರು, ಪರೀಕ್ಷೆಯ ಹಿಂದಿನ ದಿನದ ದನಿಯಲ್ಲಿ.

ನಾರಾಯಣರ ಡ್ರಾಯರಿನಲ್ಲಿ ಇಲ್ಲದ್ದೇನಿದೆ? ಎಲ್ಲೋ ಹಳೇ ಸಾಮಾನಿನ ಗರಾಜ್ ಸೇಲಿನಲ್ಲಿ ಕೊಂಡಿದ್ದ ಫುಟ್‌ಬಾಲ್ ವಾರ್ಷಿಕಗಳ ಒಂದು ಕಟ್ಟೇ ಹೊರಬಿತ್ತು. ಉಮಾಶಂಕರ್ ಅದನ್ನು ನಕ್ಷೆಯ ಸುರುಳಿಗಳ ನಡುವೆ ಮುಚ್ಚಿಕೊಂಡು ಪ್ಲಾನ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟು. ಕೊನೆಯ ಸುತ್ತಿನ ಹೆಸರು, ಊರು, ಕ್ಲಬ್ಬು. ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಉರು ಹೊಡೆದರು. ಕಾಲುವೆಯ ಇಳಿಜಾರು ಲೆಕ್ಕ ಹಾಕಿಸಲು ಬಂದ ಇಬ್ಬರನ್ನು ಬಾಗಿಲಿನಿಂದಲೇ ಗದರಿಸಿ ಅಟ್ಟಿದರು.

ನಡುವೆ ಪದ್ಮಿನಿಯ ಫೋನು.

"ಏನ್ರೀ, ಏನಾದ್ರೂ ಗೊತ್ತಾಯ್ತಾ?"

"ಆ ಪ್ರತಾಪ ಏನೋ ಹುನ್ನಾರ ಮಾಡ್ತಿದಾನೆ ಕಣೇ."

"ನಂಗವತ್ತೇ ಅನ್ನಿಸ್ತು. ಕನ್ನಡ ಸಂಘದ ಊಟದ ದಿನ ಹೋಳಿಗೆ ಬಿಟ್ಟು ಎದ್ದು ಹೋಗಿ ಫೋನ್ ಬೂತಲ್ಲಿ ನಿಂತಿದ್ದ. ಯಾರಿಗಪ್ಪಾ ಅಂದ್ರೆ, ಸಿಡ್ನಿಗೆ, ಆಂಟಿ, ಅಂದ. ಅಲ್ಲಿಯವರ ಕಿವಿ ಕಚ್ತಿದಾನೆ, ನಿಮ್ಮನ್ನ ಅಲ್ಲಿಗೆ ಎಳ್ಕೊಳ್ಳಿ ಅಂತ."

"ಹೋಳಿಗೆ ಬಿಟ್ಟು ಹೋದ್ನಾ?" ಉಮಾಶಂಕರರಿಗೆ ಅವನ ಮೇಲೆ ಉಳಿದಿದ್ದ ಅಷ್ಟಿಷ್ಟು ನಂಬಿಕೆಯೂ ಕರಗಿತು.

"ನೀವು ಆ ಟ್ರೆವರ್ ಏನಂದ್ರೂ ಹೂಂ ಅನ್ನಿ. ಒಂದು ಮಾತು ಜಾಸ್ತೀನೇ ಹೊಗಳಿ. ಹೊಗಳಿದ್ರೆ ಯಾರೂ ಬೇಡ ಅನ್ನಲ್ಲ."

ಶುಕ್ರವಾರ ಮಧ್ಯಾಹ್ನ ಇಡೀ ಸೆಕ್ಷನ್ನು ಮೂಲೆಯ ಪಬ್ಬಿನಲ್ಲಿ ಊಟ ಮಾಡುವುದು ವಾಡಿಕೆ. ಎಲ್ಲರಿಗೂ ಬಿಯರು, ಉಮಾಶಂಕರರಿಗೆ ಆರೆಂಜ್ ಜ್ಯೂಸು ಮತ್ತು ಒಂದು ಬಟ್ಟಲು ಚಿಪ್ಸು. ಆ ದಿನ ಅವರು ಟ್ರೆವರರ ಎದುರಿನ ಕುರ್ಚಿಯನ್ನು ಒಬ್ಬರಿಂದ ಹೆಚ್ಚುಕಡಿಮೆ ಕಿತ್ತುಕೊಂಡೇ ಕೂತರು. ಪ್ರತಾಪ ಬಾಯಿ ತೆರೆಯುವ ಮೊದಲೇ ಎದ್ದು ನಿಂತರು. ವೈವಾದಲ್ಲಿ ಎದ್ದು ನಿಂತೇ ಉತ್ತರ ಹೇಳಿ ಅಭ್ಯಾಸ.

"ಟ್ರೆವರ್, ಬೆಳಗ್ಗೆ ನಾನು ಹೇಳಿದ್ದು ತಪ್ಪು. ವಿಚಾರ ಮಾಡಿದೆ. ಎಂಬತ್ತರ ದಶಕದ ಕೊನೇ ಸುತ್ತಿನವರಿಗೂ ಈಗಿನವರಿಗೂ ಹೋಲಿಕೆಯೇ ಇಲ್ಲ. ಈಗ ಜರಡಿ ಹಿಡೀತಾರೆ. ಕೊನೆಗೆ ಉಳಿಯೋದು ನಿಜವಾಗ್ಲೂ ಉಳಿದದ್ದೇ. ಆಗ ಜರಡಿ ಎಲ್ಲಿತ್ತು? ಹುಡುಗನ ಊರು ದೂರ, ಅವನ ಆಟ ನೋಡೋಕೆ ಯಾರೂ ಹೋಗಿಲ್ಲ, ಅದಕ್ಕೆ ಕೊನೇವರೆಗೂ ಕೂತ. ಅದು ಅವನ ತಪ್ಪಾ? ನೋಡದವರ ತಪ್ಪು."

ಟ್ರೆವರರ ಫೋರ್ಕು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಉಮಾಶಂಕರ್ ವರ್ಷ, ನಂಬರು, ಊರುಗಳನ್ನು ಸಹಸ್ರನಾಮದ ಧಾಟಿಯಲ್ಲಿ ಒದರತೊಡಗಿದರು. ಪಕ್ಕದ ಮೇಜಿನವರೂ ಇತ್ತ ತಿರುಗಿ ಕೂತರು. ಒಬ್ಬ ಚಪ್ಪಾಳೆ ಹೊಡೆದ.

"ಹಾಗಿದ್ರೆ ಅವರಲ್ಲಿ ಎಷ್ಟೋ ಜನ ಒಂದು ಮ್ಯಾಚೂ ಆಡ್ಲಿಲ್ಲ ಯಾಕೆ ಸರ್?" ಎಂದ ಪ್ರತಾಪ, ಬೇಕೆಂದೇ ಜೋರಾಗಿ. "ಕೈಲಾಗ್ಲಿಲ್ಲ, ಅಷ್ಟೇ ತಾನೆ?"

ಉಮಾಶಂಕರರಿಗೆ ಮತ್ತೆ ಗೊಂದಲ. ಇವನು ಮೇಲೆ ಹತ್ತಿ ಬರುವ ಬದಲು ಇನ್ನೂ ಕೆಳಗಿಳಿಯುತ್ತಿದ್ದಾನಲ್ಲ, ಇದರಲ್ಲೇನು ಮಸಲತ್ತು? ಯೋಚಿಸಲು ಹೊತ್ತಿರಲಿಲ್ಲ.

"ಆಡಲಿಲ್ಲ ಅಲ್ಲಪ್ಪ, ಆಡಿಸಲಿಲ್ಲ," ಎಂದರು. "ಮೊದಲು ಆರಿಸಿದವನು ಹತ್ತು ಸಲ ಎಡವಿದ್ರೂ ಮತ್ತೆ ಇಳಿಸ್ತಾರೆ, ಆರಿಸಿದವರ ಮಾನ ಉಳೀಬೇಕಲ್ಲ. ಕೊನೆಯವನನ್ನ ಒಂದ್ಸಲಾನೂ ಇಳಿಸದೆ ಮನೆಗೆ ಕಳಿಸ್ತಾರೆ. ಮೊದಲನೆಯವನಿಗೇನು, ಎಲ್ಲಿ ಬಿಟ್ರೂ ಬದುಕ್ಕೋತಾನೆ. ಅವಕಾಶ ಬೇಕಾಗಿರೋದು ಕೊನೆಯವನಿಗೆ. ನನ್ನ ಕೇಳಿದ್ರೆ, ಗಂಡಸಾದವನು ಕೊನೆಯವನ ಮೇಲೆ ಒಂದ್ಸಲ ನಂಬಿಕೆ ಇಟ್ಟು ನೋಡಬೇಕು."

ಮೂರನೆಯ ರ್‍ಯಾಂಕಿನ ಬಾಯಲ್ಲಿ ಈ ಮಾತು ಬರುವಾಗ ಅದು ಒಳಗೆ ಎಷ್ಟು ನರಳಿತೆಂಬುದು ಅವರಿಗೇ ಗೊತ್ತು. ಆದರೆ ಟ್ರೆವರರ ಕಣ್ಣು ತುಂಬಿಬಂದಿತ್ತು. ಅವರು ಮೇಜು ಬಳಸಿ ಬಂದು, ಎಲ್ಲರೆದುರು ಉಮಾಶಂಕರರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಆರೆಂಜ್ ಜ್ಯೂಸು ಇಬ್ಬರ ಅಂಗಿಯ ಮೇಲೂ ಹರಿಯಿತು. ಆ ಅಪ್ಪುಗೆಯ ಮೇಲಿನಿಂದ ಉಮಾಶಂಕರ್ ಪ್ರತಾಪನ ಮುಖ ನೋಡಿದರು. ಅದು ಬಿಳಿಚಿಕೊಂಡಿತ್ತು. ಇಷ್ಟು ವರ್ಷದಲ್ಲಿ ಆಸ್ಟ್ರೇಲಿಯಾ ಅವರಿಗೆ ಅಷ್ಟು ಹಿತವೆನಿಸಿದ್ದು ಅದೇ ಮೊದಲು.

ಸಂಜೆ ಟ್ರೆವರ್ ರೂಮಿಗೆ ಕರೆದರು. ಉಮಾಶಂಕರ್ ಒದ್ದೆ ಅಂಗಿಯ ಮೇಲೆ ಕೋಟು ತೊಟ್ಟು ಹೋದರು.

"ಕೂತ್ಕೋ ಉಮಾ. ನಿನ್ನ ಹತ್ರ ಮುಚ್ಚುಮರೆ ಇಲ್ಲ. ಇಂಟರ್‌ವ್ಯೂ ಮಾಡಿದ ಮೂರೂ ಜನ ನಿನಗೇ ಮೊದಲ ಸ್ಥಾನ ಕೊಟ್ಟಿದ್ರು. ಪೈಪೋಟಿಯೇ ಇರಲಿಲ್ಲ. ಪ್ರತಾಪ್ ನಾಲ್ಕನೆಯವನು. ಅವತ್ತು ಆ ಹುಡುಗ ತನ್ನ ಹೆಸರು ಬಿಟ್ಟು ಬೇರೆ ಯಾವುದನ್ನೂ ಸರಿಯಾಗಿ ಹೇಳಲಿಲ್ಲ."

ಉಮಾಶಂಕರ್ ವಿನಯದಿಂದ ನೆಲ ನೋಡಿದರು. ಮೊದಲನೆಯ ಸ್ಥಾನ ಎಂಬ ಮಾತು ಎಷ್ಟು ಸಲ ಕೇಳಿದರೂ ಸಾಕಾಗುವಂಥದ್ದಲ್ಲ.

"ಬೆಳಗ್ಗೆ ನೀನು ಆಡಿದ ಮಾತಿನಿಂದ ನೋವಾಯ್ತು, ನಿಜ. ಆದರೂ ಕೆಲಸ ನಿಂಗೇ ಅಂತ ಇದ್ದೆ. ಕೆಲಸ ಬೇರೆ, ಫುಟ್‌ಬಾಲ್ ಬೇರೆ. ಆದರೆ ಮಧ್ಯಾಹ್ನ ನೀನು ನನ್ನ ಕಣ್ಣು ತೆರೆಸಿದೆ. ನನ್ನ ಮಗನಿಗೆ ಯಾರೂ ಒಂದು ಅವಕಾಶ ಕೊಡಲಿಲ್ಲ. ಹತ್ತು ವರ್ಷದಿಂದ ಅವರನ್ನ ಬೈಕೊಂಡು ತಿರುಗ್ತಿದೀನಿ. ಇವತ್ತು ನನ್ನ ಕೈಯಲ್ಲೇ ಅಧಿಕಾರ ಇದ್ದಾಗ ನಾನು ಮಾಡ್ತಾ ಇರೋದೇನು? ಕೊನೆಯ ಹುಡುಗನನ್ನ ಆಡಿಸದೆ ಕಳಿಸ್ತಾ ಇದೀನಿ." ಟ್ರೆವರ್ ಮೂಗು ಒರೆಸಿಕೊಂಡರು. "ಹುದ್ದೆ ಪ್ರತಾಪ್‌ಗೆ ಕೊಟ್ಟಿದೀನಿ. ನೀನು ಹೇಳಿದ ಹಾಗೇನೇ, ಮೊದಲನೆಯವನು ಎಲ್ಲಿ ಬಿಟ್ರೂ ಬದುಕ್ಕೋತಾನೆ. ಸಿಡ್ನಿಗೆ ಫ್ಯಾಕ್ಸ್ ಹೋಗಿಯಾಯ್ತು."

ಉಮಾಶಂಕರ್ ಎದ್ದು ಹೊರಗೆ ಬಂದರು. ಕಾರಿಡಾರಿನಲ್ಲಿ ಪ್ರತಾಪ ಗೋಡೆಗೆ ಒರಗಿ, ತಲೆ ಹಿಡಿದುಕೊಂಡು ನಿಂತಿದ್ದ.

"ಗೆದ್ದೆಯಲ್ಲಪ್ಪ," ಎಂದರು ಉಮಾಶಂಕರ್. "ಇನ್ನೂ ಯಾಕೆ ನಾಟಕ?"

"ಸರ್, ನೀವ್ಯಾಕೆ ಹಂಗ್ ಮಾಡಿದ್ರಿ?" ಅವನ ಕಣ್ಣಲ್ಲಿ ನೀರು. "ನಾನು ಸಿಡ್ನಿಗೆ ಹೋಗೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಅರ್ಜಿ ಹಾಕದಿದ್ರೆ ಕೆಲಸಾನೇ ಹೋಗುತ್ತೇನೋ ಅಂತ ಹೆದರಿ ಹಾಕಿದ್ದು. ಇಂಟರ್‌ವ್ಯೂನಲ್ಲಿ ಬೇಕಂತಲೇ ತಪ್ಪು ತಪ್ಪು ಹೇಳ್ದೆ. ಅದೂ ಸಾಲದೇನೋ ಅಂತ, ಬಾಸ್‌ಗೆ ಕೋಪ ಬರ್ಸೋಕೆ ಫುಟ್‌ಬಾಲ್ ಓದಿದೆ."

"ಸಿಡ್ನೀಲಿ ಏನಿದೆಯಯ್ಯಾ ನಿಂಗೆ?"

"ಹಂಸಾ ಇದಾಳೆ ಸರ್. ಹ್ಯಾರಿಸ್ ಪಾರ್ಕಲ್ಲಿ. ಮನೇಲಿ ಇನ್ನೂ ಹೇಳಿಲ್ಲ."

"ಇಷ್ಟನ್ನ ಟ್ರೆವರ್ ಹತ್ರ ನೇರವಾಗಿ ಹೇಳೋಕಾಗ್ತಿರಲಿಲ್ವಾ? ನನ್ ಹತ್ರನಾದ್ರೂ?"

"ಆಫೀಸಲ್ಲಿ ಬಾಯಿಬಿಟ್ರೆ ನಾರಾಯಣ್ ಅಂಕಲ್‌ಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾದ್ರೆ ರಾತ್ರಿ ಹೊತ್ತಿಗೆ ಬಸವನಗುಡೀಲಿ ನಮ್ಮಮ್ಮಂಗೆ ಗೊತ್ತಾಗುತ್ತೆ ಸರ್."

ಅದನ್ನು ಉಮಾಶಂಕರ್ ಅಲ್ಲಗಳೆಯುವಂತಿರಲಿಲ್ಲ. ಒಂದು ದಿನದ ಮಟ್ಟಿಗೆ ಹುಡುಗನ ಮೇಲೆ ಅನುಮಾನಪಡುವ ಬದಲು, ಊಟ ಆಯ್ತೇನಪ್ಪಾ ಎಂದು ಕೂರಿಸಿಕೊಂಡು ಮಾತಾಡಿಸಿದ್ದರೆ ಇಬ್ಬರ ಬಾಳೂ ನೆಟ್ಟಗಿರುತ್ತಿತ್ತು. ಇದು ಹೊಳೆದು ಅವರಿಗೆ ನಾಚಿಕೆಯೂ ಆಯಿತು, ಆಸೆಯೂ ಚಿಗುರಿತು. ಇನ್ನೂ ಕೆಟ್ಟಿಲ್ಲ, ಅದಲುಬದಲು ಮಾಡಿಸಿಕೊಂಡರಾಯಿತು. ಪ್ರತಾಪನ ಕೈ ಹಿಡಿದುಕೊಂಡು ಮತ್ತೆ ರೂಮಿಗೆ ನುಗ್ಗಿದರು.

"ಟ್ರೆವರ್, ಈ ಹುದ್ದೆ ನನಗೆ ಬೇಡ," ಎಂದ ಪ್ರತಾಪ. "ನನಗೆ ಆ ಯೋಗ್ಯತೆ ಇಲ್ಲ. ನನ್ನನ್ನ ಸಿಡ್ನಿಗೆ ಕಳಿಸಿಬಿಡಿ, ದಮ್ಮಯ್ಯ."

"ನಾನು ಇಲ್ಲೇ ಇರ್ತೀನಿ," ಎಂದರು ಉಮಾಶಂಕರ್. "ಅವನೇ ಸಂತೋಷವಾಗಿ ಹೋಗ್ತೀನಿ ಅಂತಿದಾನೆ."

ಟ್ರೆವರ್ ಎದ್ದು ಬಂದು ಪ್ರತಾಪನ ಭುಜದ ಮೇಲೆ ಕೈಯಿಟ್ಟರು.

"ಕ್ಲಬ್ಬು ಕೈಬಿಟ್ಟ ಮೇಲೆ ನನ್ನ ಡ್ಯಾರೆನ್ ಕೂಡ ಇದೇ ಮಾತು ಹೇಳಿದ. ಅಪ್ಪಾ, ನನಗೆ ಯೋಗ್ಯತೆ ಇಲ್ಲ, ಆಟ ಬಿಟ್ಟು ಹೋಗ್ಬಿಡ್ತೀನಿ ಅಂತ. ನಾನು ಸರಿ ಹೋಗು ಅಂದ್ಬಿಟ್ಟೆ. ಆ ತಪ್ಪು ಇನ್ನೊಂದು ಸಲ ಮಾಡಲ್ಲ ಮಗನೇ. ನೀನು ಇಲ್ಲೇ ಇರ್ತೀಯ. ನಿನ್ನ ಕೈಲಿ ಆಗಲ್ಲ ಅಂತ ಎಷ್ಟು ಸಲ ಅಂದ್ರೂ ನಾನು ನಿನ್ನ ಬಿಡಲ್ಲ." ಆಮೇಲೆ ಉಮಾಶಂಕರರ ಕಡೆ ತಿರುಗಿದರು. "ಮತ್ತೆ ಉಮಾ, ಇವನನ್ನ ಬಿಟ್ಟು ಹೋಗೋಕೆ ನಿನಗೂ ಮನಸ್ಸಿಲ್ಲ, ನೋಡು. ನಿನ್ನಂಥವನು ಸಿಡ್ನಿಯವರ ಅದೃಷ್ಟ. ಫುಟ್‌ಬಾಲ್ ಬಲ್ಲ ಮನುಷ್ಯನನ್ನ ಕಳಿಸ್ತಿದೀನಿ ಅಂತ ಸೋಮವಾರ ನಾನೇ ಅವರಿಗೆ ಹೇಳ್ತೀನಿ."

ಇಬ್ಬರೂ ಥ್ಯಾಂಕ್ಸ್ ಹೇಳಿ ಹೊರಬಂದರು. ಸ್ಟೇಷನ್ನಿನವರೆಗೆ ಜೊತೆಯಲ್ಲೇ ನಡೆದರು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತ ಮೇಲೆ ಉಮಾಶಂಕರ್ ನಿಟ್ಟುಸಿರು ಬಿಟ್ಟರು.

"ಹೋಗ್ಲಿ ಬಿಡು. ಇಷ್ಟೊಂದು ಉರು ಹೊಡೆದಿದ್ದೀನಲ್ಲ, ಅಲ್ಲಿಯ ಬಾಸ್ ಹತ್ರನಾದ್ರೂ ಉಪಯೋಗಕ್ಕೆ ಬರುತ್ತೆ."

ಪ್ರತಾಪ ಅವರನ್ನು ಮರುಕದಿಂದ ನೋಡಿದ. "ಇಲ್ಲ ಸರ್. ಸಿಡ್ನಿಯವರಿಗೆ ಫುಟ್‌ಬಾಲ್ ಅಂದ್ರೆ ರಗ್ಬಿ ಲೀಗು. ಅದೇ ಬೇರೆ ಆಟ. ಇದನ್ನ ಅಲ್ಲಿ ಅಷ್ಟಾಗಿ ಯಾರೂ ಕೇಳಲ್ಲ."

"ಅದರಲ್ಲಿ ಡ್ರಾಫ್ಟು ಗೀಫ್ಟು ಇಲ್ವಾ?"

"ಒಂದು ಸಲ ಶುರುಮಾಡಿದ್ರಂತೆ. ಆಟಗಾರರು ಕೋರ್ಟಿಗೆ ಹೋದ್ರು. ಕೋರ್ಟು ಅದನ್ನ ರದ್ದು ಮಾಡ್ತು."

"ಯಾಕಂತೆ?"

ಟ್ರೇನು ಬರುವ ಸದ್ದಾಯಿತು. ಪ್ರತಾಪ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದ.

"ದುಡಿಯೋ ಮನುಷ್ಯ ಎಲ್ಲಿ ಕೆಲಸ ಮಾಡಬೇಕು ಅನ್ನೋದನ್ನ ಅವನನ್ನ ಕೇಳದೆ ಬೇರೆಯವರು ಕೂತು ತೀರ್ಮಾನ ಮಾಡೋದು ಅನ್ಯಾಯ ಅಂತ, ಸರ್."